ನನ್ನ ವಿರೋಧಕ್ಕಾದರೂ ತಾವು ಚುನಾವಣೆಗೆ ನಿಲ್ಲುವ ಕುರಿತು

ಇಂದ,
ಮಹಾರುದ್ರಪ್ಪ, ಸಂಪಾದಕ,
‘ಖಡಕ್ ಮಾತು’ ಅಂತರ್ಜಾಲ ಪತ್ರಿಕೆ, ಬಸವಕಲ್ಯಾಣ.

ಗೆ,
ಶ್ರೀಮತಿ ತುಳಜಾಬಾಯಿಯವರು,
ಪುರಸಭೆ ಸದಸ್ಯರು (ಹಾಗೂ ಅರ್ಜಿದಾರನ ಧರ್ಮಪತ್ನಿ),
ಅದೇ ವಿಳಾಸ.

ವಿಷಯ: 2007ರ ಚುನಾವಣೆಗೆ ತಾವು ಪುನಃ ಸ್ಪರ್ಧಿಸುವ ಬಗ್ಗೆ.

ಉಲ್ಲೇಖ: ನಿನ್ನೆ ತಾವು ಬಾಯಿಮಾತಿನಲ್ಲಿ ಹೊರಡಿಸಿದ ಆದೇಶ: “ಮನ್ಯಾಗ ಇನ್ನ ರಾಜಕೀಯ ತೆಗೀಬ್ಯಾಡ್ರಿ.”

ಮಾನ್ಯರೇ,

ಸದರಿ ಆದೇಶದ ಕಾರಣ ಬಾಯಿ ತೆರೆಯಲಾಗದೆ ಬರವಣಿಗೆಯಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ನಾನು 1994ರಿಂದ ಹುಮನಾಬಾದಿನ ವಾರಪತ್ರಿಕೆಯೊಂದರಲ್ಲಿ ‘ಖಡಕ್ ಮಾತು’ ಅಂಕಣ ಬರೆದು ಕೇಬಲ್ ಟಿವಿ, ಜನವರಿ ಒಂದರ ಕೇಕು ಹಾಗೂ ಮಹಿಳಾ ಮೀಸಲಾತಿಯನ್ನು ಸತತವಾಗಿ ವಿರೋಧಿಸಿದ್ದೇನೆ. ಮೂರೂ ನಿಂತಿಲ್ಲ. ಪತ್ರಿಕೆ ನಿಂತಿತು.

2. ಆಗ ಹುಮನಾಬಾದಿನಲ್ಲಿ ಇಂಟರ್‌ನೆಟ್ ಅಂಗಡಿ ಇಟ್ಟಿದ್ದ ಹಬೀಬ್ ನನ್ನನ್ನು ಕರೆದು, “ಸರ್, ನಿಮ್ಮ ಒಂದ್ ಮಾತೂ ನನಗ ಪಸಂದ್ ಇಲ್ರಿ. ಆದ್ರ ಅದು ಬಂದ್ ಆಗೂದೂ ಪಸಂದ್ ಇಲ್ರಿ” ಎಂದು ಅಂತರ್ಜಾಲ ಪತ್ರಿಕೆ ಮಾಡಿಕೊಟ್ಟ. ಅಲ್ಲಿನ ಕಂಪ್ಯೂಟರಿನಲ್ಲಿ ಕನ್ನಡ ಅಕ್ಷರ ಮೂಡದ ಕಾರಣ ದುಬೈನ ಓದುಗರೊಬ್ಬರು, “ಬರೇ ಚೌಕ ಕಾಣ್ತಾವ್ರಿ, ಆದ್ರೂ ಸಿಟ್ಟು ತಿಳೀತದ” ಎಂದು ಬರೆದರು.

3. 2001ರಲ್ಲಿ ನಮ್ಮ ವಾರ್ಡು ಮಹಿಳೆಯರಿಗೆ ಮೀಸಲಾಯಿತು. ಪಕ್ಷದವರು ಮನೆಗೆ ಬಂದಾಗ ನನ್ನ ಸಲಹೆ ಕೇಳಲು ಬಂದರೆಂದು ಶಾಲು ಹೊದ್ದು ಕುಳಿತೆ. ಅವರು ಚುನಾವಣೆಗೆ ನಿಲ್ಲಲು ಕೇಳಿದ್ದು ತಮ್ಮನ್ನು. ತಾವು ಒಪ್ಪಿದಿರಿ. ಆದ್ದರಿಂದ ತತ್ವಕ್ಕೆ ಬದ್ಧನಾಗಿ ‘ಮನೆ ಯಾರು ನೋಡಬೇಕು?’ ಎಂಬ ಸಂಪಾದಕೀಯ ಬರೆದೆ. ತಾವು ಅದರ ಪ್ರತಿ ತೆಗೆಸಿ ಮನೆಮನೆಗೆ ಹಂಚಿ, “ನಮ್ಮ ಮನ್ಯಾವರೇ ಬರದಾರ್ರಿ. ಪೂರಾ ಓದ್ರಿ. ಓದಿ ನನಗೇ ವೋಟ್ ಹಾಕ್ರಿ” ಎಂದಿರಿ. ಹೆಂಗಸರು ನಕ್ಕರು, ಗೆಲ್ಲಿಸಿದರು. ನನ್ನ ಬರಹಗಳಲ್ಲೇ ಅತಿ ಹೆಚ್ಚು ಓದಿಸಿಕೊಂಡದ್ದು ಅದೇ.

4. ತದನಂತರ ತಾವು ಬಸ್ ಸ್ಟ್ಯಾಂಡಿನ ಬಳಿ ಹೆಂಗಸರಿಗೆ ಶೌಚಾಲಯ ಕಟ್ಟಿಸಿದಿರಿ. ದುಂದುವೆಚ್ಚ ಎಂದು ಬರೆದೆ. ಆ ವಾರ ತಾವು ನನ್ನೊಂದಿಗೆ ಮಾತಾಡಲಿಲ್ಲ. ನನಗೂ ಊಟ ರುಚಿಸಲಿಲ್ಲ.

5. ಈಗ ವಾರ್ಡು ಸಾಮಾನ್ಯವಾಗಿದೆ. ನಿನ್ನೆ ಅದೇ ಪಕ್ಷದವರು ಬಂದು, “ಅಕ್ಕೋರದು ಆತು, ಈ ಸಲ ಗಂಡಸರ ಸೀಟ್, ನೀವ ನಿಲ್ರಿ ಸರ್” ಎಂದರು. ತಾವು ಚಹಾ ಇಟ್ಟು ಒಳಗೆ ಹೋದಿರಿ. ಅವರು ಹೋದ ಮೇಲೆ, “ನಿಲ್ರಿ, ನಾ ಯಾಕ ಅಡ್ಡ ಬರ್ಲಿ?” ಎಂದಿರಿ. ತಮ್ಮ ದನಿ ಸರಿಯಿರಲಿಲ್ಲ. ಉಲ್ಲೇಖಿತ ಆದೇಶ ಆಗಲೇ ಹೊರಬಿದ್ದದ್ದು.

6. ಸಾಮಾನ್ಯ ಎಂದರೆ ಗಂಡಸರಿಗೆ ಮೀಸಲು ಎಂದು ಯಾವ ಕಾಯ್ದೆಯೂ ಹೇಳಿಲ್ಲ. ನಾನು ಮೀಸಲಾತಿಯ ವಿರೋಧಿ. ಆದಕಾರಣ ಗಂಡಸರ ಮೀಸಲಾತಿಗೂ ವಿರೋಧಿ. ಇದನ್ನು ಇಂದು ಬೆಳಿಗ್ಗೆ ಪಕ್ಷದವರ ಮನೆಗೇ ಹೋಗಿ ತಿಳಿಸಿ ಬಂದಿದ್ದೇನೆ. ಅವರಿಗೆ ಅರ್ಥವಾಗಿಲ್ಲ.

ಆದ್ದರಿಂದ ತಾವು ಕಡ್ಡಾಯವಾಗಿ ಸ್ಪರ್ಧಿಸಬೇಕು. ಪಕ್ಷ ಒಲ್ಲೆನೆಂದರೆ ಪಕ್ಷೇತರರಾಗಿ. ಹೆಂಗಸರು ಪುರಸಭೆಗೆ ಹೋಗಬಾರದೆಂಬ ನನ್ನ ನಿಲುವಿನಲ್ಲಿ ಬದಲಾವಣೆ ಇರುವುದಿಲ್ಲ. ತಾವು ಮನೆಯಲ್ಲಿ ಕುಳಿತರೆ ನಾನು ಯಾರನ್ನು ವಿರೋಧಿಸಲಿ ಎಂಬುದನ್ನೂ ಪರಿಶೀಲಿಸಬೇಕಾಗಿ ಪ್ರಾರ್ಥನೆ.

ಭಿನ್ನಾಭಿಪ್ರಾಯಗಳ ಸಮೇತ,
ತಮ್ಮ ವಿಶ್ವಾಸಿ,
ಮಹಾರುದ್ರಪ್ಪ

ಲಗತ್ತು: ನಾಮಪತ್ರ, ಒಂದು. ಸೂಚಕರ ಜಾಗದಲ್ಲಿ ನನ್ನ ಸಹಿ ಇದೆ. ಅದನ್ನು ನನ್ನ ಅಭಿಪ್ರಾಯವೆಂದು ಭಾವಿಸಬಾರದಾಗಿ ವಿನಂತಿ.