ಒಂಬತ್ತರ ವಿಮಾನ, ಹನ್ನೆರಡರ ಕುರಿತಲೆ

2024ರ ಮಾರ್ಚ್ 2, ಶನಿವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಅಲ್ಮಾಟಿಯ ಭೌತಶಾಸ್ತ್ರದ ಮೇಷ್ಟ್ರು ಸಗಿಂದಿಕ್ ತಮ್ಮ ವಿಮಾನದ ಟಿಕೆಟ್ಟಿನಲ್ಲಿ ಒಂದು ತಪ್ಪು ಕಂಡುಹಿಡಿದರು. ಒಂಬತ್ತಕ್ಕೆ ಹೊರಡುವ ವಿಮಾನ ಅಕ್ತೌ ತಲುಪುವುದು ಹನ್ನೆರಡೂ ಹತ್ತಕ್ಕೆ ಎಂದು ಅಚ್ಚಾಗಿತ್ತು.

"ದೂರ ಎರಡು ಸಾವಿರ ಕಿಲೋಮೀಟರಿನ ಮೇಲೆ. ಹಾರಾಟ ಮೂರು ಗಂಟೆ ಹತ್ತು ನಿಮಿಷ. ಅಕ್ತೌ ನಮಗಿಂತ ಒಂದು ಗಂಟೆ ಹಿಂದೆ. ಅಂದ್ರೆ ಹನ್ನೊಂದೂ ಹತ್ತು ಆಗ್ಬೇಕು!" ಎಂದು ಕೆಂಪು ಪೆನ್ನಿನಿಂದ ತಿದ್ದಿ, ರೂಢಿಯಂತೆ ಪಕ್ಕದಲ್ಲಿ ಸಹಿಯನ್ನೂ ಹಾಕಿದರು.

ಹನ್ನೆರಡಕ್ಕೆ ಅಲ್ಲಿ ತಮ್ಮನ ಮಗಳ ಮದುವೆಗೆ ಗಂಡಿನ ಕಡೆಯವರು ಹಾಕುವ ಊಟ. ಹೆಣ್ಣಿನ ಕಡೆಯಿಂದ ಹೋಗುತ್ತಿದ್ದವರು ಇವರೊಬ್ಬರೇ. ಬೇಯಿಸಿದ ಕುರಿಯ ತಲೆ ಪದ್ಧತಿಯಂತೆ, ಕೊಯ್ದು ಎಲ್ಲರಿಗೂ ಹಂಚಲು, ಹಿರಿಯ ಬೀಗರಾದ ಇವರ ಮುಂದೆಯೇ ಬರಬೇಕು. ಅರವತ್ತೊಂದು ವರ್ಷ ಬೇರೆಯವರು ತಲೆ ಕೊಯ್ಯುವುದನ್ನೇ ನೋಡುತ್ತ ಬಂದವರಿಗೆ ಇದು ಮೊದಲ ಸರದಿ.

ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಝೈನೆಪ್ ಟಿಕೆಟ್ಟನ್ನು ಇಣುಕಿದಳು. "ಮೇಷ್ಟ್ರೇ, ನಿನ್ನೆಯಿಂದ ಇಡೀ ದೇಶಕ್ಕೆ ಒಂದೇ ಟೈಮ್ ಅಲ್ವಾ?"

"ಅದಕ್ಕೇ ಅಲ್ವೇನಮ್ಮಾ, ಈ ಕಟ್ಟಡದ ಗಡಿಯಾರಗಳನ್ನೆಲ್ಲ ನಾನೇ ಒಂದು ಗಂಟೆ ಹಿಂದಕ್ಕೆ ತಿರುಗಿಸಿದ್ದು? ನನಗೇ ಪಾಠ ಹೇಳ್ತೀಯಾ? ಸಕ್ಕರೆ ತಗೊಂಡು ಹೋಗು!"

ಗಡಿಯಾರ ತಿರುಗಿಸಿದ ಕೈಗೆ ಗೊತ್ತಿದ್ದದ್ದು ಅಕ್ತೌ ಒಂದು ಗಂಟೆ ಹಿಂದೆ ಎಂಬ ಇಪ್ಪತ್ತು ವರ್ಷದ ರೂಢಿಗೆ ಗೊತ್ತಿರಲಿಲ್ಲ. ಅಕ್ತೌವಿನ ಬೀಗ ಓತೆಗೆನ್‌ಗೆ ಫೋನ್ ಮಾಡಿ, "ಹನ್ನೆರಡಕ್ಕೆ ಸರಿಯಾಗಿ ಬಂದು ಕೂತಿರ್ತೀನಿ, ಬರ್ಕೊಳ್ಳಿ!" ಎಂದರು. ವಿಮಾನ ಹತ್ತಿದವರೇ ಕೈಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸಿ ಹಾಯಾಗಿ ನಿದ್ದೆ ಹೋದರು.

ಅಕ್ತೌ ನಿಲ್ದಾಣದ ಗೋಡೆಯ ಮೇಲೆ ಹನ್ನೆರಡೂ ಹತ್ತು ಕಂಡಾಗ ಅವರ ಬಾಯಿ ಜಿಪ್ ಹರಿದ ಸೂಟ್‌ಕೇಸಿನಂತೆ ತೆರೆದುಕೊಂಡಿತು.

"ಈ ಗಡಿಯಾರ ಕೆಟ್ಟಿದೆ!" ಎಂದು ನೆಲ ಒರೆಸುತ್ತಿದ್ದವಳ ಮೇಲೆ ರೇಗಿದರು.

"ಸರಿಯಾಗೇ ಇದೆ ತಾತ. ಅಲ್ಮಾಟಿಯೋರೂ ಈಗ ನಮ್ಮ ಟೈಮಿಗೇ ಬಂದ್ರಲ್ಲ, ಗೊತ್ತಿಲ್ವಾ?"

ಬೀಗರ ಫೋನ್ ಹತ್ತು ಸಲ ಬಡಿದುಕೊಂಡರೂ ಯಾರೂ ಎತ್ತಲಿಲ್ಲ. ಟ್ಯಾಕ್ಸಿಯವನು ನಕ್ಕ. "ಯಾಕೆ ಅಷ್ಟು ಬೆವರ್ತೀರಿ ಹಿರಿಯರೇ? ನಮ್ಮೂರಲ್ಲಿ ಹನ್ನೆರಡು ಅಂದ್ರೆ ಮೂರು ಗಂಟೆ. ನೀವು ಹೋದಾಗ ಇನ್ನೂ ಕುರ್ಚಿ ಹಾಕ್ತಿರ್ತಾರೆ!"

ಮೇಷ್ಟ್ರಿಗೆ ಹೋದ ಜೀವ ಬಂತು. ಹನ್ನೆರಡೂ ಐವತ್ತಕ್ಕೆ ನಗುತ್ತ ಮದುವೆಮನೆಯ ಬಾಗಿಲು ತಳ್ಳಿದರು. ಒಳಗೆ ಇನ್ನೂರು ಜನ ಮೂಳೆ ಚೀಪುತ್ತಿದ್ದರು. ಗೌರವದ ಜಾಗದಲ್ಲಿ, ಕುರಿತಲೆಯ ಮುಂದೆ, ಹಲ್ಲಿಲ್ಲದ ಅಪರಿಚಿತ ಮುದುಕನೊಬ್ಬ ಚಾಕು ಹಿಡಿದು ಕೂತಿದ್ದ.

ಓತೆಗೆನ್ ಓಡಿಬಂದು ತಬ್ಬಿಕೊಂಡರು. "ಬೀಗರೇ! ಗಡಿಯಾರದಂಥ ಮನುಷ್ಯರ ಮುಂದೆ ನಮ್ಮ ಮಾನ ಹೋಗಬಾರ್ದು ಅಂತ, ಹುಟ್ಟಿದ ಮೇಲೆ ಮೊದಲ ಸಲ ಹೇಳಿದ ಹೊತ್ತಿಗೇ ಶುರು ಮಾಡಿದ್ವಿ! ನಿಮಗೋಸ್ಕರ! ನೀವೇ ಇಲ್ಲ. ತಲೆ ಆರಿಹೋಗುತ್ತಲ್ಲ, ಇದ್ದೋರಲ್ಲಿ ಹಿರಿಯರು ಇವರೇ..."

"ಇವರು ಯಾರು?"

"ಮೈಕ್ ರಿಪೇರಿಗೆ ಬಂದೋರು."

ಮುದುಕ ಒಂದು ಕಿವಿ ಕೊಯ್ದ. ಹಿರಿಯರ ಮಾತು ಕೇಳಲಿ ಎಂದು ಮಕ್ಕಳಿಗೆ ಕೊಡುವ ಪಾಲು ಅದು. ಅದನ್ನು ಮೇಷ್ಟ್ರ ಅಂಗೈಯಲ್ಲಿಟ್ಟು, "ತಗೋ ಮಗಾ, ನಾಚ್ಕೋಬೇಡ" ಎಂದ.

ಅದನ್ನು ತಿನ್ನದೆ ಕರವಸ್ತ್ರದಲ್ಲಿ ಸುತ್ತಿಕೊಂಡು ಮರಳಿದ ಮೇಷ್ಟ್ರು, ಸೋಮವಾರ ಶಾಲೆಯ ತಕ್ಕಡಿಯಲ್ಲಿ ತಮ್ಮ ಪಾಲಿಗೆ ಬಂದ ಗೌರವವನ್ನು ತೂಗಿದರು. ಮೂವತ್ತೊಂದು ಗ್ರಾಂ.