ಹೇಗಿದ್ರೂ ಮೇಲೆ ಹೋಗ್ತಿದ್ದೀರಲ್ಲ

ಆ ಕಟ್ಟಡದ ಲಿಫ್ಟು ಕೊನೆಯದಾಗಿ ಮಾಡಿದ ಕೆಲಸವೆಂದರೆ ಗಡಿಯಾರ ರಿಪೇರಿಯವನ ಅತ್ತೆಯನ್ನು ಐದನೇ ಮಹಡಿಗೆ ತಲುಪಿಸಿದ್ದು. ಬಾಗಿಲು ತೆರೆಯಿತು, ಅತ್ತೆ ಇಳಿದರು, ಲಿಫ್ಟು ಒಂದು ನಿಟ್ಟುಸಿರು ಬಿಟ್ಟು ನಿಂತಿತು. ನಿಂತದ್ದು ನಿಂತೇ ಹೋಯಿತು. ಅತ್ತೆಯ ಎರಡೂ ಮಂಡಿ ಸವೆದಿದ್ದವು. ಐದು ಮಹಡಿಯ ಮೆಟ್ಟಿಲು ಇಳಿಯುವ ಮಾತೇ ಇರಲಿಲ್ಲ. ನಾಲ್ಕು ದಿನಕ್ಕೆಂದು ಬಂದವರು ನಾಲ್ಕನೇ ತಿಂಗಳಿಗೆ ಕಾಲಿಟ್ಟಿದ್ದರು.

ಅತ್ತೆ ಕೆಟ್ಟವರಲ್ಲ, ಮೊದಲೇ ಹೇಳಿಬಿಡುತ್ತೇನೆ. ಆದರೆ ಜೀವಮಾನವೆಲ್ಲ ಶಾಲೆಯಲ್ಲಿ ಡ್ರಿಲ್ ಟೀಚರ್ ಆಗಿದ್ದವರು. ಅಂಥವರನ್ನು ತಿಂಗಳುಗಟ್ಟಲೆ ಒಂದು ಮನೆಯೊಳಗೆ ಕೂಡಿಹಾಕಿದರೆ ಏನಾಗುತ್ತದೆ? ಡ್ರಿಲ್ ಆಗುತ್ತದೆ. ಬೆಳಕು ಹರಿಯುವ ಮೊದಲೇ ಸೀಟಿ. ಬಾಲ್ಕನಿಯಲ್ಲಿ ಕೈ ಮೇಲೆ, ಕೈ ಪಕ್ಕಕ್ಕೆ, ಕೈ ಕೆಳಗೆ. ಮಧ್ಯಾಹ್ನ ಬೇಯಿಸಿದ ಸೋರೆಕಾಯಿ, ರಾತ್ರಿ ಅದೇ ಸೋರೆಕಾಯಿಯ ತಮ್ಮ. ಟಿವಿ ಎದುರಿನ ಮೆತ್ತನೆ ಕುರ್ಚಿ ಅತ್ತೆಗೆ, ಅಳಿಯನಿಗೆ ಸ್ಟೂಲು. ಸ್ಟೂಲಿನ ಮೇಲೆ ಕೂತರೆ ಬೆನ್ನು ನೆಟ್ಟಗಿರುತ್ತದಂತೆ.

ಅಳಿಯನಿಗೆ ಕಟ್ಟಡದಲ್ಲಿ ‘ಗಂಟೆಮುಳ್ಳು’ ಎಂಬ ಹೆಸರಿತ್ತು. ಚಲಿಸುತ್ತದೆಂದು ಎಲ್ಲರಿಗೂ ಗೊತ್ತು, ಚಲಿಸಿದ್ದನ್ನು ಮಾತ್ರ ಯಾರೂ ಕಂಡವರಿಲ್ಲ. ದಿನವಿಡೀ ಒಂದು ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ಕೂತು ಕೂತು ಅವನ ಮೈ ಹಿಟ್ಟಿನ ಚೀಲದ ಹಾಗೆ ಬುಡದಲ್ಲಿ ಅಗಲವಾಗಿತ್ತು. ಅವನಿಗೆ ಜೀವನದಲ್ಲಿ ಉಳಿದಿದ್ದದ್ದು ಒಂದೇ ಆಸೆ. ಲಿಫ್ಟ್ ಸರಿಹೋಗಬೇಕು, ಅತ್ತೆ ತಮ್ಮ ಮನೆಗೆ ಹೋಗಬೇಕು, ತಾನು ಆ ಮೆತ್ತನೆ ಕುರ್ಚಿಯಲ್ಲಿ ಕೂತು ಕರಿದದ್ದು ಏನಾದರೂ ತಿನ್ನಬೇಕು.

ಆದರೆ ಲಿಫ್ಟು ಕಟ್ಟಡದ ಸಂಘದ ಕಾರ್ಯದರ್ಶಿಯ ಕೈಯಲ್ಲಿತ್ತು, ಕಾರ್ಯದರ್ಶಿಯ ಮನೆ ನೆಲಮಹಡಿಯಲ್ಲಿತ್ತು. ಇದಕ್ಕಿಂತ ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ ತಾನೇ?

“ಲಿಫ್ಟ್ ಯಾವಾಗ ಮಾಡಿಸ್ತೀರಿ ಸಾರ್?” ಎಂದು ಗಂಟೆಮುಳ್ಳು ಮತ್ತೆ ಹೋಗಿ ಕೇಳಿದ.

“ಮೆಟ್ಟಿಲು ಹತ್ತೋದು ಹೃದಯಕ್ಕೆ ಒಳ್ಳೇದು ಕಣ್ರೀ.”

“ಹೃದಯ ನಿಮಗೂ ಇದೆಯಲ್ಲ. ನೀವೂ ಒಂದ್ಸಲ ಹತ್ತಿ ನೋಡಿ.”

ಕಾರ್ಯದರ್ಶಿ ಸಿಟ್ಟಾಗಲಿಲ್ಲ. ಅವರ ತಲೆಯೊಳಗೆ ಬೇರೊಂದು ಹುಳ ಕೊರೆಯುತ್ತಿತ್ತು. ಪಕ್ಕದ ಬೀದಿಯ ವೃದ್ಧಾಶ್ರಮಕ್ಕೂ ಅದರಾಚೆಯ ಕಣ್ಣು ಕಾಣದ ಮಕ್ಕಳ ಶಾಲೆಗೂ ನಮ್ಮ ಕಟ್ಟಡದಿಂದ ದೇಣಿಗೆ ಕೊಡಿಸುತ್ತೇನೆಂದು ಅವರು ಮೈಕಿನ ಮುಂದೆ ಮಾತು ಕೊಟ್ಟು ಬಂದಿದ್ದರು. ಡಬ್ಬಿ ಹಿಡಿದು ಮನೆಮನೆ ಸುತ್ತಿದರೆ ಸಿಕ್ಕಿದ್ದು ಎರಡು ಗುಂಡಿ, ಒಂದು ಹಳೇ ಬಸ್ ಟಿಕೆಟ್ಟು.

“ಹೀಗೆ ಮಾಡೋಣ,” ಎಂದರು. “ನೀವು ಹತ್ತಿ. ಒಂದೇ ದಿನ, ಇಪ್ಪತ್ತು ಸಲ, ಕೆಳಗಿಂದ ಮೇಲಿನ ತನಕ. ಸಲಕ್ಕಿಷ್ಟು ಅಂತ ಎಲ್ಲಾ ಮನೆಯೋರ ಹತ್ರ ಒಪ್ಪಿಸ್ತೀನಿ. ಸಂಜೆಯೊಳಗೆ ಇಪ್ಪತ್ತು ಮುಗಿದ್ರೆ ಆಗಿಂದಾಗ್ಲೇ ಮೆಕ್ಯಾನಿಕ್ ಬರ್ತಾನೆ. ಒಂದು ಕಮ್ಮಿ ಆದ್ರೂ ಲಿಫ್ಟ್ ಮಾತು ಮುಂದಿನ ವರ್ಷ.”

ಗಂಟೆಮುಳ್ಳು ಒಪ್ಪಿದ. ಒಪ್ಪಿದ್ದು ಅವನಲ್ಲ, ಅವನೊಳಗಿನ ಸೋರೆಕಾಯಿ.

ಈ ಆಸಾಮಿ ಐದು ಸಲಕ್ಕಿಂತ ಹೆಚ್ಚು ಹತ್ತಿದರೆ ಕೇಳಿ ಎಂದುಕೊಂಡು ಇಡೀ ಕಟ್ಟಡ ಧಾರಾಳವಾಯಿತು. ಎಲ್ಲರಿಗಿಂತ ದೊಡ್ಡ ಮೊತ್ತಕ್ಕೆ ಒಪ್ಪಿಕೊಂಡವರು ಮೂರನೇ ಮಹಡಿಯ ಬ್ಯಾಂಕಿನವರು. ಹೆಸರೂ ಬರುತ್ತದೆ, ದುಡ್ಡೂ ಉಳಿಯುತ್ತದೆ ಎಂಬುದು ಅವರ ಲೆಕ್ಕ.

ಭಾನುವಾರ ಬೆಳಿಗ್ಗೆ ವೃದ್ಧಾಶ್ರಮದ ಅಜ್ಜಂದಿರು ಬಂದು ಅಂಗಳದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿಸಿಕೊಂಡು ಕೂತರು. ಕೆಳಗೆ ಕಾರ್ಯದರ್ಶಿಯ ಮೇಜು. ಮೇಲೆ ಐದನೇ ಮಹಡಿಯ ಮೆಟ್ಟಿಲ ತುದಿಯಲ್ಲಿ ಕುರ್ಚಿ ಹಾಕಿಕೊಂಡು, ಕುತ್ತಿಗೆಗೆ ಸೀಟಿ ನೇತುಹಾಕಿಕೊಂಡು ಅತ್ತೆ. ನಿಯಮ ಅವರದೇ. ಮೇಲೆ ಬಂದು ಅವರ ಅಂಗೈ ಮುಟ್ಟಬೇಕು, ಕೆಳಗೆ ಹೋಗಿ ಮೇಜು ಮುಟ್ಟಬೇಕು. ನಡುವೆ ಎಲ್ಲಿಂದ ತಿರುಗಿದರೂ ಆ ಸಲ ಸೊನ್ನೆ.

“ಅಳಿಯಂದ್ರೇ, ಬಾಯಲ್ಲಿ ಉಸಿರಾಡಬೇಡಿ,” ಎಂದು ಅತ್ತೆ ಮೇಲಿನಿಂದ ಕೂಗಿದರು. “ಲಿಫ್ಟ್ ಇವತ್ತು ಆಗಲೇಬೇಕು, ನೆನಪಿರಲಿ.”

ಅವರಿಗೂ ಮನೆಗೆ ಹೋಗುವ ಆತುರ ಎಂದುಕೊಂಡು ಗಂಟೆಮುಳ್ಳಿಗೆ ಕಾಲಲ್ಲಿ ಬಲ ಬಂತು.

ಮೊದಲ ಎರಡು ಸಲ ಚಪ್ಪಾಳೆಯಲ್ಲೇ ಮುಗಿದವು. ಮೂರನೆಯ ಸಲ ಎರಡನೇ ಮಹಡಿಯ ಹೊಲಿಗೆಯಮ್ಮ ಬಾಗಿಲಲ್ಲೇ ಕಾದು ನಿಂತಿದ್ದಳು.

“ಅಣ್ಣಾ, ಹೇಗಿದ್ರೂ ಮೇಲೆ ಹೋಗ್ತಿದ್ದೀರಲ್ಲ, ಈ ಬ್ಲೌಸು ನಾಲ್ಕನೇ ಮಹಡಿಗೆ ಕೊಟ್ಟುಬಿಡಿ.”

ಒಂದು ಬ್ಲೌಸಿನ ಭಾರ ಎಷ್ಟಿದ್ದೀತು? ತೆಗೆದುಕೊಂಡ. ಆ ಒಂದು ಕ್ಷಣದಲ್ಲೇ ಅವನು ಕೆಟ್ಟ. ನಾಲ್ಕು ತಿಂಗಳಿಂದ ಲಿಫ್ಟಿಲ್ಲದ ಕಟ್ಟಡ ಅದು. ಕೆಳಗಿನದು ಕೆಳಗೇ, ಮೇಲಿನದು ಮೇಲೇ ಉಳಿದುಹೋಗಿತ್ತು. ಗಂಟೆಮುಳ್ಳು ಬ್ಲೌಸು ಹೊತ್ತು ಹೋದ ಸುದ್ದಿ ನೀರು ಪೈಪಿನಲ್ಲಿ ಹರಿದಂತೆ ಎಲ್ಲ ಮನೆಗೂ ಹರಿಯಿತು. ಮುಂದಿನ ಸಲ ಒಂದು ಮೂಟೆ ಈರುಳ್ಳಿ. ಅದರ ಮುಂದಿನ ಸಲ ಇಸ್ತ್ರಿ ಬಟ್ಟೆಯ ಗಂಟು, ನೀರಿನ ಕ್ಯಾನು. ಇಳಿಯುವಾಗ ಖಾಲಿ ಕೈ ಏಕೆಂದು ಹಳೇ ಪೇಪರು, ಕೆಟ್ಟ ಮಿಕ್ಸಿ. ಬ್ಯಾಂಕಿನವರ ನಾಯಿಗೆ ಮೆಟ್ಟಿಲೆಂದರೆ ಭಯ. ಅದೂ ಅವನ ಹೆಗಲೇರಿ ಟೆರೇಸಿನ ಗಾಳಿ ಸೇವಿಸಿ ಬಂತು.

“ರೀ, ಆಗಲ್ಲ ಅಂತ ಹೇಳೋಕೆ ಬಾಯಿಲ್ವಾ ನಿಮಗೆ?” ಎಂದಳು ಹೆಂಡತಿ, ನೀರಿನ ಲೋಟ ಹಿಡಿದು.

“ಎಲ್ಲಾ ದುಡ್ಡು ಕೊಡೋರು ಕಣೇ. ಹೇಗೆ ಹೇಳಲಿ?”

“ಸರಿ ಹಾಗಾದ್ರೆ. ಕೆಳಗೆ ಹೋದಾಗ ಅರ್ಧ ಕಿಲೋ ಸಕ್ಕರೆ ತನ್ನಿ.”

ನಾಲ್ಕನೇ ಮಹಡಿಗೆ ಹೊಸದಾಗಿ ಬಂದಿದ್ದ ಗಂಡಹೆಂಡಿರ ಡಬಲ್ ಬೆಡ್ಡಿನ ಹಾಸಿಗೆ ನೆಲಮಹಡಿಯಲ್ಲೇ ಉಳಿದಿತ್ತು. ಪಾಪ, ಇಬ್ಬರೂ ಚಾಪೆಯ ಮೇಲೆ ಮಲಗುತ್ತಿದ್ದರು. ಅವರು ಬಾಯಿ ಬಿಟ್ಟು ಕೇಳಲೂ ಇಲ್ಲ. ಹುಡುಗ ಒಮ್ಮೆ ಹಾಸಿಗೆ ನೋಡಿ, ಒಮ್ಮೆ ಇವನನ್ನು ನೋಡಿ ನಾಚಿಕೊಂಡ, ಅಷ್ಟೇ. ಗಂಟೆಮುಳ್ಳು ಹಾಸಿಗೆಯನ್ನು ತಲೆಯ ಮೇಲಿಟ್ಟುಕೊಂಡು ಹೊರಟ. ಎರಡನೇ ಮಹಡಿಯ ತಿರುವಿನಲ್ಲಿ ಹಾಸಿಗೆ ಗೋಡೆಗೂ ಕಟಕಟೆಗೂ ನಡುವೆ ಸಿಕ್ಕಿಕೊಂಡಿತು. ಮೇಲಿನಿಂದ ನೋಡಿದವರಿಗೆ ಬರೀ ಹಾಸಿಗೆ, ಕೆಳಗಿನಿಂದ ನೋಡಿದವರಿಗೆ ಎರಡು ಕಾಲು.

ಅಂಗಳದ ಅಜ್ಜಂದಿರು ರೇಡಿಯೋದವರ ಹಾಗೆ ವರದಿ ಒಪ್ಪಿಸುತ್ತಿದ್ದರು.

“ಹೋದನಾ?”

“ಹಾಸಿಗೆ ಹೋಯ್ತು. ಅವನು ಕಾಣ್ತಿಲ್ಲ.”

“ಮಲಗಿಬಿಟ್ಟನೋ ಏನೋ. ಹಾಸಿಗೆ ಹೇಗೂ ಜೊತೆಗಿದೆ.”

ಹೊಲಿಗೆಯಮ್ಮ ಮೇಲಿನಿಂದ ಎಳೆದಳು, ಇಸ್ತ್ರಿಯವನು ಕೆಳಗಿನಿಂದ ನೂಕಿದ, ಹಾಸಿಗೆ ಬಾಟಲಿಯ ಬಿರಡೆಯ ಹಾಗೆ ಕಿತ್ತುಕೊಂಡು ಹೋಯಿತು. ಅತ್ತೆ ಪ್ರತಿ ಸಲವೂ ಅಂಗೈ ಒಡ್ಡಿ, ಮುಟ್ಟಿಸಿಕೊಂಡು, ಸೀಟಿ ಊದಿ, ಫೋನಿನಲ್ಲಿ ಮಾವನಿಗೆ ವರದಿ ಕೊಡುತ್ತಿದ್ದರು. ಮಾವ ಅದೇ ಶಾಲೆಯಲ್ಲಿ ಬ್ಯಾಂಡ್ ಮಾಸ್ಟರ್ ಆಗಿದ್ದವರು. ಊರಿನ ಇನ್ನೊಂದು ತುದಿಯ ಮನೆಯಲ್ಲಿ ಒಬ್ಬರೇ ಇದ್ದು, ತಾವೇ ಬೇಯಿಸಿಕೊಂಡು, ಹೆಂಡತಿಯ ದಾರಿ ನೋಡುತ್ತಿದ್ದರು. ಅವರ ನೆನಪಾದಾಗಲೆಲ್ಲ ಗಂಟೆಮುಳ್ಳಿಗೆ ಒಂದು ಮಹಡಿಯಷ್ಟು ಹೊಸ ಶಕ್ತಿ. ಪಾಪ, ಆ ಹಿರಿಯರಿಗೆ ಅವರ ಹೆಂಡತಿಯನ್ನು ಒಪ್ಪಿಸಿಬಿಡಬೇಕು.

ಮಧ್ಯಾಹ್ನ ಕಳೆಯುವ ಹೊತ್ತಿಗೆ ಬ್ಯಾಂಕಿನವರ ಮುಖ ಬಾಡಿತು. ಐದಕ್ಕೆ ಬೀಳಬೇಕಿದ್ದವನು ಹದಿನೈದಕ್ಕೂ ಬೀಳಲಿಲ್ಲ. ಪ್ರತಿ ಸೀಟಿಗೂ ಅವರ ಜೇಬಿನೊಳಗೆ ಯಾರೋ ಕೈ ಹಾಕಿದ ಹಾಗಾಗುತ್ತಿತ್ತು. ಹತ್ತೊಂಬತ್ತನೆಯದು ಮುಗಿಸಿ, ಕೊನೆಯ ಸಲಕ್ಕೆಂದು ಗಂಟೆಮುಳ್ಳು ಏದುಸಿರು ಬಿಡುತ್ತ ಮೂರನೇ ಮಹಡಿಗೆ ಬಂದಾಗ ಅವರು ಬಾಗಿಲನ್ನು ಅಗಲವಾಗಿ ತೆರೆದು ನಿಂತಿದ್ದರು.

“ಬನ್ನಿ, ಐದು ನಿಮಿಷ ಫ್ಯಾನ್ ಕೆಳಗೆ ಕೂತ್ಕೊಳ್ಳಿ. ಮೈಯೆಲ್ಲ ನೀರಾಗಿದೆ.”

“ಬೇಡ ಸಾರ್, ಹೊತ್ತಾಗುತ್ತೆ.”

“ಹೊತ್ತು ಬೇಕಾದಷ್ಟಿದೆ. ಬೋಂಡ ಬಿಸಿ ಇದೆ ನೋಡಿ.”

ಬೋಂಡ ಎಂಬ ಮಾತು ಕಿವಿಗೆ ಬಿದ್ದ ಮೇಲೆ ಅವನ ಕಾಲು ಅವನ ಮಾತು ಕೇಳಲಿಲ್ಲ. ಸೋಫಾ ಎಂಥದ್ದು ಅಂತೀರಿ! ಕೂತರೆ ಸೊಂಟದವರೆಗೆ ಮುಳುಗುತ್ತಿತ್ತು. ನಾಲ್ಕು ತಿಂಗಳು ಸ್ಟೂಲಿನ ಮೇಲೆ ಕೂತವನು. ಎರಡನೇ ಬೋಂಡ ಕೈಯಲ್ಲಿರುವಾಗಲೇ ಗೊರಕೆ ಶುರುವಾಯಿತು. ಬ್ಯಾಂಕಿನವರು ಬೆಕ್ಕಿನ ಹೆಜ್ಜೆಯಲ್ಲಿ ಪರದೆ ಎಳೆದರು, ಫ್ಯಾನು ಜೋರು ಮಾಡಿದರು, ತಲೆಯಡಿ ದಿಂಬನ್ನೂ ಇಟ್ಟರು. ಹೆತ್ತ ತಾಯಿಯೂ ಅಷ್ಟು ಪ್ರೀತಿ ತೋರಿಸಿರಲಿಕ್ಕಿಲ್ಲ.

ಹತ್ತು ನಿಮಿಷವಾದರೂ ಅಳಿಯ ಬಾರದಿದ್ದಾಗ ಅತ್ತೆ ಸೀಟಿ ಊದಿದರು. ಹೆಂಡತಿ ಇಳಿದು ಬಂದು ಕೇಳಿದಳು. “ಕೆಳಗೆ ಹೋದ್ರಲ್ಲಮ್ಮ,” ಎಂದರು ಬ್ಯಾಂಕಿನವರು. ಕೆಳಗಿನಿಂದ ಇಸ್ತ್ರಿಯವನು ಬಂದು ಕೇಳಿದ. “ಮೇಲೆ ಹೋದ್ರಲ್ಲಪ್ಪ,” ಎಂದರು. ಹೀಗೆ ಒಬ್ಬ ಮನುಷ್ಯ ಮೇಲೂ ಇಲ್ಲದೆ ಕೆಳಗೂ ಇಲ್ಲದೆ ಕಟ್ಟಡದಲ್ಲಿ ಮಾಯವಾದ. ಎಲ್ಲೋ ಕುಸಿದು ಬಿದ್ದಿದ್ದಾನೆ ಎಂದಳು ಹೊಲಿಗೆಯಮ್ಮ. ಅದು ಅಂಗಳಕ್ಕೆ ಬರುವಷ್ಟರಲ್ಲಿ ಎದೆನೋವಾಗಿತ್ತು. ಅಜ್ಜಂದಿರು ಟೋಪಿ ತೆಗೆದರು. ಕಾರ್ಯದರ್ಶಿ ಮುಖ ಸಪ್ಪಗೆ ಮಾಡಿಕೊಂಡು ಗಡಿಯಾರ ನೋಡಿಕೊಂಡರು. ಸಂಜೆಯಾಗಲು ಇನ್ನು ಸ್ವಲ್ಪವೇ ಉಳಿದಿತ್ತು.

ಆಗ ಐದನೇ ಮಹಡಿಯಲ್ಲಿ ಯಾರೂ ಎಣಿಸದ ಕೆಲಸವೊಂದು ನಡೆಯಿತು. ಅತ್ತೆ ಕುರ್ಚಿಯಿಂದ ಎದ್ದರು. ಕಟಕಟೆಯನ್ನು ಎರಡು ಕೈಯಲ್ಲೂ ಹಿಡಿದು, ಒಂದು ಮೆಟ್ಟಿಲು ಇಳಿದು, “ಅಯ್ಯಮ್ಮಾ” ಎಂದು ಅಲ್ಲೇ ಕೂತು, ಎದ್ದು, ಇನ್ನೊಂದು ಇಳಿದರು. ಬೇಡಮ್ಮಾ ಎಂದು ಮಗಳು ಅತ್ತರೂ ಕೇಳಲಿಲ್ಲ. “ನನ್ನ ಅಳಿಯ ಎಲ್ಲೋ ಬಿದ್ದಿರುವಾಗ ನನ್ನ ಮಂಡಿ ಕಟ್ಕೊಂಡು ಏನಾಗಬೇಕು?” ಹಾಗೆ ಎರಡು ಮಹಡಿ ಇಳಿದು ಮೂರನೆಯದಕ್ಕೆ ಬಂದಾಗ ಮುಚ್ಚಿದ ಬಾಗಿಲ ಹಿಂದಿನಿಂದ ಒಂದು ಗೊರಕೆ ಕೇಳಿಸಿತು. ನಾಲ್ಕು ತಿಂಗಳಿಂದ ಪಕ್ಕದ ಕೋಣೆಯಲ್ಲಿ ಕೇಳಿದ್ದ ಗೊರಕೆ, ಅವರು ತಪ್ಪಲು ಸಾಧ್ಯವೇ?

ಬಾಗಿಲು ನೂಕಿಕೊಂಡು ಒಳಗೆ ಹೋಗಿ ಸೀಟಿಯನ್ನು ಅಳಿಯನ ಕಿವಿಯ ಪಕ್ಕದಲ್ಲೇ ಊದಿದರು. ಗಂಟೆಮುಳ್ಳು ಸೋಫಾದಿಂದ ಎಗರಿ ಡ್ರಿಲ್ಲಿನ ‘ಸಾವಧಾನ್’ ಭಂಗಿಯಲ್ಲಿ ನೆಟ್ಟಗೆ ನಿಂತ. ಕೈಯಲ್ಲಿ ಬೋಂಡ.

“ಜೀವ ಇದೆಯಲ್ಲ, ಸಾಕು,” ಎಂದು ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು. “ಬೋಂಡದ ವಿಷಯ ನಾಳೆ ಮಾತಾಡ್ತೀನಿ.”

ಗಂಟೆಮುಳ್ಳಿನ ಕಣ್ಣು ತೇವವಾಯಿತು. ಮರುಕ್ಷಣವೇ ಅವನಿಗೆ ಹೊಳೆಯಿತು. ಅತ್ತೆ ಮೂರನೇ ಮಹಡಿಯಲ್ಲಿದ್ದಾರೆ. ತಾವಾಗಿಯೇ ಇಳಿದು ಬಂದಿದ್ದಾರೆ.

“ಅತ್ತೆ,” ಎಂದ ಮೆಲ್ಲಗೆ, “ಹೇಗಿದ್ರೂ ಇಷ್ಟು ಇಳಿದಿದ್ದೀರಲ್ಲ, ಉಳಿದ ಮೂರು ಮಹಡಿ ನಾನೇ ಎತ್ಕೊಂಡು ಇಳಿಸ್ತೀನಿ. ಆಟೋ ಕರೆಸ್ಲಾ?”

“ಏನು ಮಾತು ಅಂತ ಆಡ್ತೀರಿ? ನಿಮ್ಮ ಇಪ್ಪತ್ತನೇದು ಯಾರು ಮುಗಿಸ್ತಾರೆ? ಆ ಮಕ್ಕಳ ದುಡ್ಡು? ಲಿಫ್ಟು? ನಡೀರಿ ಮೇಲೆ. ನನಗಂತೂ ಇನ್ನೊಂದು ಮೆಟ್ಟಿಲೂ ಆಗಲ್ಲ. ಬಗ್ಗಿ.”

ಬಗ್ಗಿದ. ಅತ್ತೆ ಬೆನ್ನೇರಿದರು. ಎಲ್ಲರಿಗಾಗಿ ಎಲ್ಲವನ್ನೂ ಹೊತ್ತವನು ಕೊನೆಗೆ ತಾನು ಯಾರನ್ನು ಕೆಳಗೆ ಕಳಿಸಬೇಕೆಂದು ಇಷ್ಟೆಲ್ಲ ಪಾಡುಪಟ್ಟನೋ ಅವರನ್ನೇ ಬೆನ್ನ ಮೇಲಿಟ್ಟುಕೊಂಡು ಮೇಲಕ್ಕೆ ಹೊರಟ. “ಎಡ, ಬಲ, ಎಡ, ಬಲ,” ಎಂದು ಅತ್ತೆ ಕಿವಿಯಲ್ಲಿ ಹೇಳುತ್ತಿದ್ದರು. ಐದನೇ ಮಹಡಿ ತಲುಪಿದ ಕೂಡಲೇ ಬೆನ್ನ ಮೇಲಿಂದಲೇ ಅಂಗೈ ಚಾಚಿ ಅವನಿಂದ ಮುಟ್ಟಿಸಿಕೊಂಡರು. ಅಂಗಳದಲ್ಲಿ ಅಜ್ಜಂದಿರು ಮತ್ತೆ ಟೋಪಿ ಹಾಕಿಕೊಂಡು ಕೂಗಿದ ಕೂಗಿಗೆ ಪಾರಿವಾಳಗಳು ಎದ್ದು ಹಾರಿದವು.

ಬ್ಯಾಂಕಿನವರು ಮುಖ ಹುಳ್ಳಗೆ ಮಾಡಿಕೊಂಡು ಕೊಟ್ಟರು, ಆದರೆ ಕೊಟ್ಟರು. ವೃದ್ಧಾಶ್ರಮಕ್ಕೂ ಮಕ್ಕಳ ಶಾಲೆಗೂ ಕಾರ್ಯದರ್ಶಿ ನಿರೀಕ್ಷಿಸದಷ್ಟು ಹಣ ಸೇರಿತು. ಮೆಕ್ಯಾನಿಕ್ ಬಂದ. ಮುಚ್ಚಳ ಬಿಚ್ಚಿ, ಸುಟ್ಟುಹೋಗಿದ್ದ ಗೇಣುದ್ದದ ವೈರು ಕಿತ್ತು, ಹೊಸದು ಸಿಕ್ಕಿಸಿದ. ಅವನ ಚಹಾ ಇನ್ನೂ ಆರಿರಲಿಲ್ಲ. ಲಿಫ್ಟಿನ ದೀಪ ಹತ್ತಿಕೊಂಡಿತು.

ಗಂಟೆಮುಳ್ಳು ತಡಮಾಡಲಿಲ್ಲ. ಕಾಲು ಮರದ ಕೊರಡಾಗಿದ್ದರೂ ತೆವಳಿಕೊಂಡು ಹೋಗಿ ಅತ್ತೆಯ ಸೀರೆಗಳನ್ನು ಮಡಿಚಿ, ಸೂಟ್‌ಕೇಸಿಗೆ ತುಂಬಿ, ಲಿಫ್ಟಿನ ಬಾಗಿಲಿಗೆ ತಂದು ನಿಲ್ಲಿಸಿದ. ಕೆಳಗಿನಿಂದ ಲಿಫ್ಟು ಬರುವ ಸದ್ದಾಯಿತು. ಅವನಿಗದು ಸಂಗೀತದ ಹಾಗೆ ಕೇಳಿಸಿತು.

ಬಾಗಿಲು ತೆರೆಯಿತು. ಒಳಗೆ ಒಂದು ಟ್ರಂಕು, ಸುತ್ತಿದ ಹಾಸಿಗೆ, ಮೂರು ತುತ್ತೂರಿ, ಅವುಗಳ ನಡುವೆ ಮಾವ.

“ಅಳಿಯಂದ್ರೇ,” ಎಂದು ಮಾವ ಅವನನ್ನು ತಬ್ಬಿಕೊಂಡರು, “ನಿಮ್ಮದು ದೊಡ್ಡ ಮನಸ್ಸು. ನನ್ನ ಸೊಂಟಕ್ಕೆ ಆ ಮೆಟ್ಟಿಲು ಆಗ್ತಿರಲಿಲ್ಲ, ಅದಕ್ಕೇ ಇಷ್ಟು ದಿನ ಬರೋಕಾಗಲಿಲ್ಲ. ನಾನು ಬಂದು ಇರಲಿ ಅಂತ ನೀವು ಇಪ್ಪತ್ತು ಸಲ ಹತ್ತಿದ್ರಿ ಅಂತ ಇವಳು ಫೋನ್ ಮಾಡಿದಾಗ ಅಳುನೇ ಬಂತು. ಮನೆ ಬಾಡಿಗೆಗೆ ಕೊಡೋಕೆ ಹೇಳಿ ಬಂದುಬಿಟ್ಟೆ.”

ಹೆಂಡತಿ ಸಂತೋಷದಿಂದ ಓಡಿಬಂದವಳು ಸೂಟ್‌ಕೇಸು ನೋಡಿ ನಿಂತಳು. “ಅಮ್ಮನ ಬಟ್ಟೆ ಯಾಕ್ರೀ ಹೊರಗಿಟ್ಟಿದ್ದೀರಿ?”

ಗಂಟೆಮುಳ್ಳು ಎಲ್ಲರ ಮುಖವನ್ನೂ ನೋಡಿದ.

“ಮಾವನ ಸಾಮಾನಿಗೆ ಜಾಗ ಬೇಕಲ್ವಾ,” ಎಂದ. “ಅದಕ್ಕೆ.”

“ನಾನು ಹೇಳಿರಲಿಲ್ವಾ, ಅಳಿಯ ಅಲ್ಲ ಬಂಗಾರ ಅಂತ?” ಎಂದರು ಅತ್ತೆ.

“ಸಾಮಾನು ಅಂದಾಗ ನೆನಪಾಯ್ತು,” ಎಂದರು ಮಾವ. “ಬ್ಯಾಂಡಿನ ದೊಡ್ಡ ಡೋಲು ಕೆಳಗೇ ಇದೆ. ಈ ಲಿಫ್ಟಿನ ಬಾಗಿಲಲ್ಲಿ ಅದು ಹಿಡಿಸಲ್ಲ. ಮೆಟ್ಟಿಲ ಮೇಲೇ ತರಬೇಕು.”