ಸೇಮ್ ಟು ಸೇಮ್ ವೆಬ್‌ಸೈಟು

ಡಿಸೈನರ್ ಮಾಡಿಕೊಟ್ಟ ಚಿತ್ರವನ್ನು ಕೋಡ್ ಬರೆದು ವೆಬ್‌ಸೈಟ್ ಮಾಡುವುದು ನನ್ನ ಕೆಲಸ. ಇದರಲ್ಲಿ ನಾನು ನಗೆಪಾಟಲಾಗದ ವಾರವೇ ಇಲ್ಲ. ಸಯನ್ ಬಡಾವಣೆಯ ಆಫೀಸಿಗೆ ಸೇರಿದ ಹೊಸದರಲ್ಲಿ ಫೋರ್ಟ್ ಪ್ರದೇಶದ ಒಂದು ಉಡುಪಿ ಹೋಟೆಲಿನ ಕೆಲಸ ಸಿಕ್ಕಿತು. "ಸೇಮ್ ಟು ಸೇಮ್ ಚಾಹಿಯೇ," ಎಂದರು ಬಾಸ್; ಡಿಸೈನಿನಲ್ಲಿ ಇದ್ದಹಾಗೇ ಬರಬೇಕಂತೆ. ಹೋಟೆಲಿನಿಂದ ಒಂದು ದೂರು ಬಂದರೂ ನನ್ನ ನೌಕರಿ ಇಲ್ಲ ಎಂದೂ ಸೇರಿಸಿದರು.

೧. ಬಟನ್

ಹೋಟೆಲ್ ಮಾಲೀಕರಿಗೆ ಮೊಬೈಲಿನಲ್ಲಿ ಡಿಸೈನ್ ತೋರಿಸಿದೆ. ಅವರು 'ಆರ್ಡರ್ ಮಾಡಿ' ಬಟನ್ ಒತ್ತಿದರು. ಬೆರಳು ಒರೆಸಿಕೊಂಡು ಮತ್ತೆ ಒತ್ತಿದರು.

"ಇದು ಹಾಳಾಗಿದೆ ಮಾರಾಯಾ."

"ಇಲ್ರೀ ಅಣ್ಣಾರ, ಇದು ಬರೇ ಚಿತ್ರ. ಕೆಲಸ ಮಾಡೋ ಬಟನ್ ನಾ ಇನ್ನ ಮಾಡಬೇಕ್ರೀ."

ಅವರು ಅಡುಗೆಮನೆಗೆ ಕೂಗಿದರು: "ಇವನಿಗೆ ಕಾಫಿ ಬೇಡ! ಗೋಡೆಯಲ್ಲಿರುವ ಕಾಫಿ ಚಿತ್ರ ತೋರಿಸಿದರೆ ಸಾಕು!"

೨. ಪೇಪರ್ ದೋಸೆ

ಮೊಬೈಲಿನ ಸಣ್ಣ ಪರದೆಯಲ್ಲಿ ಪೇಪರ್ ದೋಸೆಯ ಎರಡೂ ತುದಿ ಕತ್ತರಿಸಿಹೋದವು. ದೋಸೆಯನ್ನೇ ಚಿಕ್ಕದು ಮಾಡಿದೆ. ಮಾಲೀಕರು ಕೆಂಡವಾದರು.

"ನಮ್ಮ ದೋಸೆ ತಟ್ಟೆಯಿಂದ ಹೊರಗೆ ಚಾಚಿಕೊಂಡಿರ್ತದೆ ಅಂತಲೇ ಜನ ಬರುವುದು. ಸಣ್ಣ ಮಾಡಿದ್ರೆ ಮರ್ಯಾದೆ ಎಂತ ಉಳಿಯಿತು?"

ದೊಡ್ಡದು ಮಾಡಿದರೆ ತುದಿ ಹೋಗುತ್ತದೆ ಎಂದು ಪರಿಪರಿಯಾಗಿ ವಿವರಿಸಿದೆ. ಮರುದಿನ ಗಲ್ಲಾದ ಹಿಂದೆ ಬೋರ್ಡು ಬಂತು: 'ನಮ್ಮ ವೆಬ್‌ಸೈಟ್ ನೋಡುವಾಗ ಫೋನನ್ನು ಅಡ್ಡ ಹಿಡಿಯಿರಿ.'

೩. ಎರಡು ಟೇಬಲ್

ಡಿಸೈನರ್ ಬರೀ ನಮೂನೆಗೆಂದು 'ಈಗ ಎರಡು ಟೇಬಲ್ ಖಾಲಿ ಇವೆ' ಎಂಬ ಸಾಲು ಹಾಕಿದ್ದಳು. ಹೋಟೆಲ್ ತುಂಬಿದಂತೆ ಆ ಸಂಖ್ಯೆ ಬದಲಾಗಬೇಕಿತ್ತು. ನಾನು ಅದನ್ನೂ ಸೈಟಿಗೆ ಇದ್ದಹಾಗೇ ಇಳಿಸಿಬಿಟ್ಟೆ; ಯಾವಾಗ ನೋಡಿದರೂ ಎರಡೇ. ಸೈಟು ಶುರುವಾದ ದಿನ ಮಧ್ಯಾಹ್ನವೇ ಬಾಸ್‌ಗೆ ಮಾಲೀಕರ ಫೋನ್ ಬಂತು, ಹುಡುಗನನ್ನು ಕರೆದುಕೊಂಡು ಬನ್ನಿ ಎಂದು. ಇಬ್ಬರೂ ಲೋಕಲ್ ಟ್ರೇನ್ ಹತ್ತಿದೆವು. ಆಂಟಾಪ್ ಹಿಲ್‌ನ ಮನೆಗೆ ಹೋಗಿ ಅವ್ವನಿಗೆ ಏನು ಹೇಳಲಿ ಎಂದು ನನಗೆ ಅಳುವೇ ಬಂತು.

ಹೋಟೆಲಿನ ಮುಂದೆ ಫುಟ್‌ಪಾತ್ ತುಂಬ ಆಫೀಸಿನ ಜನ, ಕೈಯಲ್ಲಿ ಫೋನು. ಒಳಗೆಲ್ಲ ಭರ್ತಿ. ನಡುವೆ ಮಾತ್ರ ಎರಡು ಟೇಬಲ್ ಖಾಲಿ, ಸುತ್ತ ಹಗ್ಗ ಕಟ್ಟಿದ್ದಾರೆ.

"ಅಣ್ಣಾರ, ತಪ್ಪಾತ್ರೀ. ಆ ಸಾಲು ಈಗ ತಗೀತೀನ್ರೀ."

"ತೆಗೀಬೇಡ ಮಾರಾಯಾ! ಅದನ್ನು ನೋಡಿಯೇ ಇಷ್ಟು ಜನ ಬಂದದ್ದು. ನಮ್ಮ ಹೋಟೆಲ್ ಸುಳ್ಳು ಹೇಳ್ತದೆ ಅಂತ ಆಗಬಾರದಲ್ಲ, ಅದಕ್ಕೇ ಹಗ್ಗ." ಬಾಸ್ ಕಡೆ ತಿರುಗಿ, "ಅಚ್ಛಾ ಲಡ್ಕಾ ಹೈ," ಎಂದು ನನ್ನನ್ನು ಹೊಗಳಿದರು. ನನಗೆ ಹೋದ ಜೀವ ಬಂತು.

ಅಷ್ಟರಲ್ಲಿ ದಿನಾ ಬರುವ ಕನ್ನಡದ ಗಿರಾಕಿಯೊಬ್ಬರು ನಿಂತು ನಿಂತು ಸಾಕಾಗಿ, ಹಗ್ಗ ದಾಟಿ ಕೂತೇಬಿಟ್ಟರು. ಮಾಲೀಕರು ಗಲ್ಲಾ ಬಿಟ್ಟು ಓಡಿದರು:

"ಏಳಿ ಮಾರಾಯ್ರೇ, ಏಳಿ! ಅಲ್ಲಿ ಕೂರಲಿಕ್ಕಿಲ್ಲ, ಅದು ಖಾಲಿ ಟೇಬಲ್!"